ಭೂಚಿತ್ರಗಳನ್ನು ಕೋಡಿನ ಮೂಲಕ ಹೋಳುಮಾಡುವ ಕ್ರಮ ಮತ್ತು ಅಂಚಿನ ಜಮೀನಿನ ಲೆಕ್ಕ

ಎಕರೆಗೆ ೪೦ ಗುಂಟೆ, ಗುಂಟೆಗೆ ೧೬ ಆಣೆ ಎಂಬ ಲೆಕ್ಕವು ಜಮೀನುದಾರರಿಗೆ ಬಾಲ್ಯದಿಂದಲೂ ಬಾಯಿಗೆ ಬಂದಿರತಕ್ಕದ್ದು. ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲವುಳ್ಳ ಒಂದು ಚೌಕ. ಇದರ ಒಂದು ಬದಿಯನ್ನು ಮೀಟರಿಗೆ ತಿರುಗಿಸಿದರೆ ೧೦ ಮೀಟರಿಗಿಂತ ೬ ಸೆಂಟಿಮೀಟರಿನಷ್ಟು ಮಾತ್ರ ಹೆಚ್ಚು ಬರುತ್ತದೆ. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯವರು ಸೆಂಟಿನೆಲ್-೨ ಎಂಬ ಹೆಸರಿನ ಉಪಗ್ರಹಗಳಲ್ಲಿ ಮೊದಲನೆಯದನ್ನು ೨೦೧೫ನೆಯ ಇಸವಿ ಜೂನ್ ತಿಂಗಳಲ್ಲಿಯೂ, ಎರಡನೆಯದನ್ನು ೨೦೧೭ನೆಯ ಇಸವಿ ಮಾರ್ಚಿ ತಿಂಗಳಲ್ಲಿಯೂ ಹಾರಿಸಿದರು. ಇವುಗಳಿಂದ ದೊರೆಯುವ ಭೂಮಿಯ ಚಿತ್ರವು ಕೋಟ್ಯಂತರ ಬಿಂದುಗಳಿಂದ ಕೂಡಿದ್ದು, ನೀಲಿ, ಹಸುರು, ಕೆಂಪು ಮತ್ತು ಕಣ್ಣಿಗೆ ಕಾಣದ ಅವಕೆಂಪು ಎಂಬ ನಾಲ್ಕು ಬಗೆಯ ಬೆಳಕಿನಲ್ಲಿ ಒಂದೊಂದು ಬಿಂದುವೂ ನೆಲದ ಮೇಲೆ ೧೦ ಮೀಟರು ಚೌಕದಷ್ಟು ಜಾಗವನ್ನು ತೋರಿಸುತ್ತದೆ. ಗಣಕಯಂತ್ರದವರು ಪಿಕ್ಸೆಲ್ ಎಂದು ಕರೆಯುವ ಈ ಬಿಂದುವೂ ನಮ್ಮ ಗುಂಟೆಯೂ ಹೆಚ್ಚು ಕಡಮೆ ಒಂದೇ ಅಳತೆಯವಾಗಿರುವುದು ಕೇವಲ ಆಕಸ್ಮಿಕವಾದರೂ, ನಮಗೆ ಬಹಳ ಅನುಕೂಲವಾದದ್ದು. ಈ ಚಿತ್ರದಲ್ಲಿ ೪೦ ಬಿಂದುಗಳನ್ನು ಎಣಿಸಿದರೆ ಒಂದು ಎಕರೆಯನ್ನು ಎಣಿಸಿದಂತೆಯೇ ಸರಿ.

ಈ ಚಿತ್ರಗಳು ಯಾರು ಕೇಳಿದರೂ ಹಣವಿಲ್ಲದೆ ದೊರೆಯತಕ್ಕವು. ಆದರೆ ಒಂದೊಂದು ಚಿತ್ರದ ಗಾತ್ರವನ್ನು ಸ್ವಲ್ಪ ಆಲೋಚಿಸಬೇಕು. ಅಡ್ಡಲಾಗಿ ೧೦,೯೮೦ ಬಿಂದುಗಳು, ಉದ್ದಕ್ಕೆ ೧೦,೯೮೦ ಬಿಂದುಗಳು. ಗುಣಿಸಿದರೆ ೧೨ ಕೋಟಿ ೫ ಲಕ್ಷ ೬೦ ಸಾವಿರದ ೪೦೦ ಬಿಂದುಗಳಾಗುತ್ತವೆ. ನೆಲದ ಲೆಕ್ಕದಲ್ಲಿ ಇದು ಸುಮಾರು ೨೯ ಲಕ್ಷ ೭೯ ಸಾವಿರ ಎಕರೆ. ಒಂದೇ ಬಗೆಯ ಬೆಳಕಿನ ಚಿತ್ರವನ್ನು ಬಿಚ್ಚಿ ಇಟ್ಟುಕೊಳ್ಳಬೇಕಾದರೆ ಗಣಕಯಂತ್ರದ ಸ್ಮರಣೆಯಲ್ಲಿ ೨೪ ಕೋಟಿ ಬೈಟುಗಳಷ್ಟು ಸ್ಥಳ ಬೇಕು. ಇಷ್ಟು ದೊಡ್ಡದನ್ನು ಇಡಿಯಾಗಿ ಮುಂದಿಟ್ಟುಕೊಂಡು, ಎಲ್ಲಿ ರಾಗಿ, ಎಲ್ಲಿ ಕಬ್ಬು, ಎಲ್ಲಿ ಪಾಳು ಎಂದು ಗುರುತಿಸುವುದು ಸಾಮಾನ್ಯ ಯಂತ್ರಗಳಿಗೆ ಅಶಕ್ಯ. ಚಿತ್ರವನ್ನು ನೋಡಿ ಬೆಳೆಯನ್ನು ಗುರುತಿಸುವಂತೆ ಕಲಿಸಲ್ಪಟ್ಟ ಕ್ರಮವಿಧಿಗಳೂ ೨೫೬ ಅಥವಾ ೫೧೨ ಬಿಂದುಗಳ ಸಣ್ಣ ಚೌಕಗಳನ್ನು ನೋಡುವಂತೆಯೇ ಸಾಮಾನ್ಯವಾಗಿ ಏರ್ಪಡಿಸಲ್ಪಟ್ಟಿರುತ್ತವೆ. ಆದಕಾರಣ ಮೊದಲು ದೊಡ್ಡ ಚಿತ್ರವನ್ನು ಕೋಡಿನ ಮೂಲಕ ಹೋಳುಮಾಡಿ, ಹೋಳುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬಂದ ಫಲಿತಾಂಶಗಳನ್ನು ಪುನಃ ಒಟ್ಟುಗೂಡಿಸುವುದು ರೂಢಿ.

ಇದು ಯಂತ್ರದವರ ಕೆಲಸ, ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಇದರಿಂದೇನು ಎಂದು ಕೇಳುವವರು ಇರಬಹುದು. ಸಂಬಂಧವು ಉಂಟು. ಈಗ ಬೆಳೆಯ ವಿಸ್ತೀರ್ಣ, ತೋಟದ ಮರಗಳ ಸಂಖ್ಯೆ, ಮನೆ ನಿವೇಶನಗಳ ಎಲ್ಲೆ, ಇವೆಲ್ಲವೂ ಆಕಾಶದಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಗೊತ್ತುಮಾಡಲ್ಪಡುವ ಸಂದರ್ಭಗಳು ಹೆಚ್ಚುತ್ತಿವೆ. ಹೋಳುಮಾಡುವ ಕೆಲಸದಲ್ಲಿ ನಡೆಯುವ ತಪ್ಪುಗಳು ಚಿತ್ರದ ನಡುವಿನ ಜಮೀನಿಗೆ ತಟ್ಟುವುದು ಅಪರೂಪ. ಅಂಚಿನಲ್ಲಿ ಬಿದ್ದ ಜಮೀನಿಗೆ ತಟ್ಟುವುದೇ ಹೆಚ್ಚು. ಯಾರ ಜಮೀನು ಅಂಚಿಗೆ ಬಿದ್ದಿದೆಯೆಂಬುದು ಆ ಜಮೀನಿನವರಿಗೆ ತಿಳಿದೇ ಇರುವುದಿಲ್ಲ.

ನೆಲವನ್ನು ಹಾಳೆಹಾಳೆಯಾಗಿ ಹಂಚುವ ಪದ್ಧತಿಯು ಹೊಸದೇನೂ ಅಲ್ಲ. ಭಾರತ ಸರ್ವೇಕ್ಷಣಾ ಇಲಾಖೆಯ ಹಳೆಯ ಕ್ರಮದ ನಕ್ಷೆಗಳಲ್ಲಿ ೧೨ರಿಂದ ೧೬ನೆಯ ಅಕ್ಷಾಂಶದವರೆಗೆ, ೭೬ರಿಂದ ೮೦ನೆಯ ರೇಖಾಂಶದವರೆಗೆ ಇರುವ ಪ್ರದೇಶಕ್ಕೆ ೫೭ ಎಂಬ ಸಂಖ್ಯೆಯನ್ನು ಕೊಟ್ಟು, ಅದನ್ನು ಒಂದೊಂದು ಡಿಗ್ರಿಯ ೧೬ ಭಾಗಗಳಾಗಿ ಮಾಡಿ, ಅವುಗಳಿಗೆ ಎ ಮೊದಲುಗೊಂಡು ಪಿ ವರೆಗೆ ಅಕ್ಷರಗಳನ್ನಿಟ್ಟು, ಪ್ರತಿ ಭಾಗವನ್ನೂ ಮತ್ತೆ ೧೬ ಹಾಳೆಗಳಾಗಿ ಹಂಚಿರುವರು. ಬೆಂಗಳೂರು ನಗರವು ೧೩ನೆಯ ಅಕ್ಷಾಂಶದ ಗೆರೆಯ ಎರಡು ಕಡೆಗೂ ಹರಡಿರುವುದರಿಂದ, ಅದರ ದಕ್ಷಿಣದ ಭಾಗವು ೫೭ ಎಚ್ ೯ ಎಂಬ ಹಾಳೆಯಲ್ಲಿಯೂ, ಉತ್ತರದ ಭಾಗವು ೫೭ ಜಿ ೧೨ ಎಂಬ ಹಾಳೆಯಲ್ಲಿಯೂ ಬೀಳುತ್ತದೆ. ಒಂದೇ ಹಾಳೆಯನ್ನು ತಂದು ನೋಡಿದವರಿಗೆ ಅರ್ಧ ಊರು ಮಾತ್ರ ಕಾಣುವುದು. ಹಾಳೆಯ ಸಂಖ್ಯೆಯನ್ನು ನೋಡಿದ ಕೂಡಲೇ ಪಕ್ಕದ ಹಾಳೆ ಯಾವುದೆಂದು ಗೊತ್ತಾಗುವಂತೆ ಏರ್ಪಡಿಸಿದ್ದು ಆ ಪದ್ಧತಿಯ ಜಾಣತನ. ಮೊಬೈಲಿನಲ್ಲಿ ನಕ್ಷೆಯನ್ನು ತೆರೆದಾಗ ಅದು ಚೌಕಚೌಕವಾಗಿ ಮೂಡಿಬರುವುದನ್ನು ಅನೇಕರು ಗಮನಿಸಿರಬಹುದು. ಅಲ್ಲಿ ಇಡೀ ಭೂಮಂಡಲವು ಮೊದಲು ೨೫೬ ಬಿಂದುಗಳ ಒಂದೇ ಚೌಕ. ಒಂದು ಹಂತ ಹತ್ತಿರ ಹೋದರೆ ೪ ಚೌಕ, ಇನ್ನೊಂದು ಹಂತಕ್ಕೆ ೧೬, ಹೀಗೆ ನಾಲ್ಕರಂತೆ ಗುಣಿಸುತ್ತಾ ಹೋಗಿ ೧೮ನೆಯ ಹಂತಕ್ಕೆ ೬,೮೭೧ ಕೋಟಿ ಚೌಕಗಳಾಗುತ್ತವೆ. ನೋಡುವವನ ಊರಿಗೆ ಸಂಬಂಧಪಟ್ಟ ಹತ್ತಿಪ್ಪತ್ತು ಚೌಕಗಳು ಮಾತ್ರ ಅವನ ಕೈಗೆ ಬರುವುದರಿಂದಲೇ ಹಳ್ಳಿಯ ಮಂದವಾದ ಸಂಪರ್ಕದಲ್ಲಿಯೂ ನಕ್ಷೆಯು ತೆರೆಯುವುದು.

ಕಿರಿದುಮಾಡಿದರೆ ಸಾಲದೆ?

ದೊಡ್ಡ ಚಿತ್ರವನ್ನು ಹೋಳುಮಾಡುವ ಬದಲು ಕುಗ್ಗಿಸಿ ಚಿಕ್ಕದು ಮಾಡಬಹುದಲ್ಲವೆ ಎಂಬ ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರವನ್ನು ಸುಣ್ಣದ ಗೆರೆಯೇ ಹೇಳುತ್ತದೆ. ೨೦೨೦ನೆಯ ಇಸವಿ ಏಪ್ರಿಲ್ ೨೪ನೆಯ ತಾರೀಖು ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಠಾಣದ ಮನೆ ನಿವೇಶನಗಳನ್ನು ಡ್ರೋನ್ ಯಂತ್ರದಿಂದ ಚಿತ್ರಿಸುವುದಕ್ಕೆ ಮುಂಚೆ, ಒಂದೊಂದು ಸ್ವತ್ತಿನ ಎಲ್ಲೆಯ ಮೇಲೂ ಸುಣ್ಣದ ಪುಡಿಯಿಂದ ಗೆರೆಯನ್ನು ಹಾಕಿಸುವ ಏರ್ಪಾಡುಂಟು. ಗೆರೆಯು ನಾಲ್ಕು ಅಂಗುಲ ಅಗಲವಿದೆಯೆಂದೂ, ಚಿತ್ರದ ಒಂದು ಬಿಂದುವು ನೆಲದ ಮೇಲೆ ೫ ಸೆಂಟಿಮೀಟರೆಂದೂ ಇಟ್ಟುಕೊಂಡರೆ, ಗೆರೆಯು ಎರಡು ಬಿಂದುಗಳಷ್ಟು ಅಗಲವಾಗಿ ಸ್ಪಷ್ಟವಾಗಿ ಕಾಣುವುದು. ಅದೇ ಚಿತ್ರವನ್ನು ಎಂಟನೆಯ ಒಂದು ಪಾಲಿಗೆ ಕುಗ್ಗಿಸಿದರೆ ಬಿಂದುವು ೪೦ ಸೆಂಟಿಮೀಟರಾಗಿ, ಸುಣ್ಣವು ಬಿಂದುವಿನ ಕಾಲು ಪಾಲು ಮಾತ್ರವಾಗಿ, ಮಿಕ್ಕ ಮುಕ್ಕಾಲು ಪಾಲಿನ ಮಣ್ಣಿನ ಬಣ್ಣದಲ್ಲಿ ಬೆರೆತು ಮಾಸಿಹೋಗುವುದು. ಅಣ್ಣತಮ್ಮಂದಿರು ಒಪ್ಪಿ ಹಾಕಿಸಿದ ಗೆರೆಯು ಯಂತ್ರದ ಕಣ್ಣಿಗೆ ಇಲ್ಲವೇ ಇಲ್ಲ! ಹೋಳುಮಾಡಿದರೆ ಒಂದು ಬಿಂದುವೂ ಕೆಡುವುದಿಲ್ಲ. ಕುಗ್ಗಿಸಿದರೆ ಕೆಟ್ಟದ್ದನ್ನು ಪುನಃ ಪಡೆಯಲಾಗುವುದಿಲ್ಲ.

ಇಂಥ ಡ್ರೋನ್ ಚಿತ್ರಗಳ ಗಾತ್ರವೂ ಉಪಗ್ರಹದ ಚಿತ್ರಕ್ಕಿಂತ ಬಹಳ ಹೆಚ್ಚಿನದು. ಬಿಂದುವಿಗೆ ೫ ಸೆಂಟಿಮೀಟರಿನಂತೆ ಒಂದು ಎಕರೆಗೆ ೧೬ ಲಕ್ಷ ೧೮ ಸಾವಿರ ಬಿಂದುಗಳಾಗುತ್ತವೆ. ಸಾವಿರ ಎಕರೆಯ ಒಂದು ಗ್ರಾಮವನ್ನು ಚಿತ್ರಿಸಿದರೆ ೧೬೧ ಕೋಟಿಗೆ ಮೇಲ್ಪಟ್ಟು ಬಿಂದುಗಳು. ಬಿಂದುವಿಗೆ ಮೂರು ಬಣ್ಣಗಳ ಮೂರು ಅಂಕಿಗಳಂತೆ ೪೮೫ ಕೋಟಿ ಅಂಕಿಗಳು. ಇವನ್ನು ಹೋಳುಮಾಡದೆ ಗತ್ಯಂತರವಿಲ್ಲ.

ಹೋಳುಮಾಡುವ ವಿಧಾನ

ಈ ಕೆಲಸಕ್ಕೆ ಹೆಚ್ಚಾಗಿ ಉಪಯೋಗಿಸಲ್ಪಡುವುದು ಪೈಥಾನ್ ಎಂಬ ಕೋಡಿನ ಭಾಷೆ. ಇದು ೧೯೯೧ನೆಯ ಇಸವಿಯಲ್ಲಿ ಬಳಕೆಗೆ ಬಿಡಲ್ಪಟ್ಟಿತು. ಸಾಮಾನ್ಯವಾದ ಚಿತ್ರಗಳನ್ನು ಕತ್ತರಿಸುವುದಕ್ಕೆ ಪಿಲ್ಲೋ ಎಂಬ ಉಪಕರಣವೂ, ಅಕ್ಷಾಂಶ ರೇಖಾಂಶಗಳ ಗುರುತುಳ್ಳ ಭೂಚಿತ್ರಗಳಿಗೆ ಜಿಡಾಲ್ ಎಂಬ ತಂತ್ರಾಂಶವೂ ಉಚಿತವಾಗಿ ದೊರೆಯುತ್ತವೆ. ಕೋಡಿನಲ್ಲಿ ಬರೆಯುವ ಅಪ್ಪಣೆಗಳು ಒಬ್ಬ ಹೊಸ ಆಳಿಗೆ ಬಿಡಿಸಿ ಬಿಡಿಸಿ ಹೇಳುವ ಮಾತುಗಳಂತೆಯೇ ಇರುತ್ತವೆ. ಹೇಗೆಂದರೆ: ಮೊದಲು ಚಿತ್ರದ ಅಗಲವನ್ನೂ ಎತ್ತರವನ್ನೂ ಅಳೆದುಕೊ. ತೀರ ಮೇಲಿನ ಎಡ ಮೂಲೆಯನ್ನು ಸೊನ್ನೆ ಎಂದು ಇಟ್ಟುಕೊ. ಅಲ್ಲಿಂದ ಬಲಕ್ಕೆ ೫೧೨, ಕೆಳಕ್ಕೆ ೫೧೨ ಬಿಂದುಗಳ ಚೌಕವನ್ನು ಕತ್ತರಿಸಿ, ಸಾಲು ಸೊನ್ನೆ, ಕಂಬ ಸೊನ್ನೆ ಎಂಬ ಹೆಸರಿನಿಂದ ಬೇರೆಯಾಗಿ ಇಡು. ೫೧೨ ಬಿಂದು ಬಲಕ್ಕೆ ಸರಿದು ಅದೇ ರೀತಿ ಮಾಡು. ಬಲಗಡೆಯ ಅಂಚು ಮುಟ್ಟಿದ ಮೇಲೆ ೫೧೨ ಬಿಂದು ಕೆಳಕ್ಕೆ ಇಳಿದು, ಮತ್ತೆ ಎಡ ಅಂಚಿನಿಂದ ಪ್ರಾರಂಭಿಸು. ಕೆಳಗಿನ ಅಂಚು ಮುಟ್ಟಿದರೆ ಕೆಲಸ ಮುಗಿಯಿತು. ಇಷ್ಟನ್ನು ಕೋಡಿನಲ್ಲಿ ಹತ್ತು ಹನ್ನೆರಡು ಸಾಲುಗಳಲ್ಲಿ ಬರೆಯಬಹುದು. ಕಾಲೇಜಿನಲ್ಲಿ ಓದುವ ನಮ್ಮ ಮಕ್ಕಳಿಗೆ ಇದು ಕಷ್ಟವಾದದ್ದಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಚಿತ್ರದ ಬಿಂದುಗಳು ಕಡತದಲ್ಲಿ ಹೇಗೆ ಬರೆಯಲ್ಪಟ್ಟಿವೆ ಎಂಬುದು. ಕೆಲವು ಕಡತಗಳಲ್ಲಿ ನೇಗಿಲ ಸಾಲಿನಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲು ಸಾಲಾಗಿ ಬರೆದಿರುತ್ತಾರೆ. ಅಂಥ ಕಡತದ ನಡುವಿನಿಂದ ೫೧೨ರ ಒಂದು ಚೌಕವನ್ನು ತೆಗೆಯಬೇಕಾದರೆ ಉದ್ದಗಲಕ್ಕೂ ೫೧೨ ಸಾಲುಗಳನ್ನು ಪೂರ್ತಿ ಓದಬೇಕಾಗಿ, ಬೇಕಾದ ೨,೬೨,೧೪೪ ಬಿಂದುಗಳಿಗೋಸ್ಕರ ೫೬,೨೧,೭೬೦ ಬಿಂದುಗಳ ಮೇಲೆ ನಡೆಯಬೇಕಾಗುವುದು. ಅಂದರೆ ೨೧ ಪಟ್ಟು ವ್ಯರ್ಥ ಶ್ರಮ. ಕಡತದ ಒಳಗೆಯೇ ಮಡಿಮಡಿಯಾಗಿ ವಿಂಗಡಿಸಿ ಬರೆದಿದ್ದರೆ ಬೇಕಾದ ಮಡಿಗೆ ನೇರವಾಗಿ ಹೋಗಬಹುದು. ಎರಡನೆಯದು, ಒಂದು ಉಪಕರಣವು ಅಡ್ಡ ಅಳತೆಯನ್ನು ಮೊದಲು ಕೇಳಿದರೆ, ಇನ್ನೊಂದು ಉಪಕರಣವು ಸಾಲನ್ನು, ಎಂದರೆ ಉದ್ದದ ಅಳತೆಯನ್ನು ಮೊದಲು ಕೇಳುತ್ತದೆ. ಪಿಲ್ಲೋ ಮೊದಲನೆಯ ಬಗೆಯದು. ಅಂಕಿಗಳ ಕೋಷ್ಟಕವನ್ನು ನಡೆಸುವ ನಂಪೈ ಎರಡನೆಯ ಬಗೆಯದು. ಎರಡನ್ನೂ ಒಂದೇ ಕೋಡಿನಲ್ಲಿ ಉಪಯೋಗಿಸುವಾಗ ಅಡ್ಡ ಉದ್ದಗಳು ತಿರುಗುಮುರುಗಾಗುವುದು ಸಾಧಾರಣ. ಚೌಕವಾದ ಚಿತ್ರದಲ್ಲಿ ಈ ತಪ್ಪು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಎಲ್ಲ ಹೋಳುಗಳೂ ಸರಿಯಾಗಿಯೇ ಬರುತ್ತವೆ; ಪೂರ್ವದ ಹೊಲದ ಹೆಸರು ದಕ್ಷಿಣದ ಹೊಲಕ್ಕೆ ಹೋಗಿರುತ್ತದೆ, ಅಷ್ಟೇ.

ಶೇಷದ ಜಮೀನು

೧೦,೯೮೦ನ್ನು ೫೧೨ರಿಂದ ಭಾಗಿಸಿದರೆ ೨೧ ಸಲ ಹೋಗಿ ೨೨೮ ಶೇಷವುಳಿಯುತ್ತದೆ. ಭಾಗಾಕಾರದಲ್ಲಿ ಶೇಷವನ್ನು ಕೈಬಿಟ್ಟು ಪೂರ್ಣಾಂಕವನ್ನು ಮಾತ್ರ ತೆಗೆದುಕೊಳ್ಳುವ ಚಿಹ್ನೆಯೊಂದು ಪೈಥಾನಿನಲ್ಲಿದೆ. ಅವಸರದಲ್ಲಿ ಕೋಡು ಬರೆಯುವವರು ಇದನ್ನೇ ಉಪಯೋಗಿಸಿ, ೨೧ ಸಾಲು, ೨೧ ಕಂಬ, ಒಟ್ಟು ೪೪೧ ಹೋಳುಗಳನ್ನು ಮಾಡಿ ಕೈತೊಳೆದುಕೊಳ್ಳುವುದುಂಟು. ಕ್ರಮವಿಧಿಯು ಯಾವ ದೂರನ್ನೂ ಹೇಳದೆ ಮುಗಿಯುತ್ತದೆ. ಆದರೆ ಬಲಗಡೆ ೨೨೮ ಬಿಂದು, ಕೆಳಗಡೆ ೨೨೮ ಬಿಂದು ಅಗಲದ ಪಟ್ಟಿಯು ಯಾವ ಹೋಳಿಗೂ ಸೇರದೆ ಹೊರಗುಳಿಯುತ್ತದೆ. ನೆಲದ ಮೇಲೆ ಇದು ೨ ಕಿಲೋಮೀಟರಿಗೂ ಹೆಚ್ಚು ಅಗಲವಾದ ಪಟ್ಟಿ. ವಿಸ್ತೀರ್ಣವನ್ನು ಲೆಕ್ಕಮಾಡಿದರೆ ಸುಮಾರು ೧ ಲಕ್ಷ ೨೨ ಸಾವಿರ ಎಕರೆ! ಈ ಉಪಗ್ರಹದ ಅಕ್ಕಪಕ್ಕದ ಚಿತ್ರಗಳು ಸುಮಾರು ೧೦ ಕಿಲೋಮೀಟರಿನಷ್ಟು ಒಂದರ ಮೇಲೊಂದು ಹಾದುಕೊಂಡಿರುವಂತೆ ಏರ್ಪಟ್ಟಿರುವುದರಿಂದ, ಪಕ್ಕದ ಚಿತ್ರವನ್ನೂ ತರಿಸಿ ನೋಡುವವರಿಗೆ ಆ ಜಮೀನು ಸಿಕ್ಕುತ್ತದೆ. ಒಂದೇ ಚಿತ್ರವನ್ನು ನೆಚ್ಚಿ ಒಂದು ತಾಲ್ಲೂಕಿನ ಬೆಳೆಯನ್ನು ಲೆಕ್ಕಹಾಕುವವರಿಗೆ ಸಿಕ್ಕುವುದಿಲ್ಲ. ಆಗ ಆ ಪಟ್ಟಿಯ ಗ್ರಾಮಗಳಲ್ಲಿ ಬೆಳೆಯೇ ಇಲ್ಲವೆಂಬಂತೆ ಪಟ್ಟಿಕೆಯಲ್ಲಿ ಸೊನ್ನೆ ಬೀಳುತ್ತದೆ. ಪೋಡಿಯ ಕಾಲದಲ್ಲಿ ಮೂಲೆಯ ಒಂದು ಗುಂಟೆ ಬಿಟ್ಟುಹೋದರೆ ವರ್ಷಗಟ್ಟಲೆ ವ್ಯಾಜ್ಯವಾಡುವ ನಾವು, ಇಷ್ಟು ನೆಲವು ಒಂದು ಚಿಹ್ನೆಯ ದೆಸೆಯಿಂದ ಮಾಯವಾಗುವುದನ್ನು ಕೇಳದೆ ಬಿಡುವುದು ಯುಕ್ತವಲ್ಲ.

ಪರಿಹಾರವು ಸುಲಭವಾದದ್ದು. ಶೇಷವಿದ್ದರೆ ಇನ್ನೊಂದು ಹೋಳನ್ನು ಹೆಚ್ಚಿಗೆ ಎಣಿಸಿ ೨೨ ಸಾಲು, ೨೨ ಕಂಬ, ಒಟ್ಟು ೪೮೪ ಹೋಳುಗಳನ್ನು ಮಾಡಬೇಕು. ಕೊನೆಯ ಹೋಳು ಪೂರ್ತಿ ತುಂಬುವುದಿಲ್ಲವಲ್ಲ ಎಂದರೆ, ಅದಕ್ಕೆ ಎರಡು ದಾರಿಗಳುಂಟು. ಒಂದು, ಖಾಲಿಯಾದ ಜಾಗವನ್ನು ಕಪ್ಪು ಬಣ್ಣದಿಂದ ತುಂಬುವುದು. ಪಿಲ್ಲೋ ಉಪಕರಣವು ಚಿತ್ರದ ಹೊರಗಿನ ಭಾಗವನ್ನು ಕೇಳಿದಾಗ ತಾನಾಗಿಯೇ ಹೀಗೆ ಮಾಡುತ್ತದೆ. ಆದರೆ ಅವಕೆಂಪು ಬೆಳಕಿನಲ್ಲಿ ನೀರೂ ಕಪ್ಪಾಗಿಯೇ ಕಾಣುವುದರಿಂದ, ಈ ತುಂಬಿದ ಭಾಗವನ್ನು ಕೆರೆಯೆಂದು ಯಂತ್ರವು ಭ್ರಮಿಸುವ ಸಂಭವವಿದೆ; ಇದು ತುಂಬಿದ್ದು, ನೆಲವಲ್ಲ ಎಂಬ ಗುರುತನ್ನು ಜೊತೆಗಿಡಬೇಕು. ಇನ್ನೊಂದು ದಾರಿಯೆಂದರೆ ಕೊನೆಯ ಚೌಕವನ್ನು ಹಿಂದಕ್ಕೆ ಸರಿಸಿ, ೧೦,೪೬೮ನೆಯ ಬಿಂದುವಿನಿಂದ ಪ್ರಾರಂಭಿಸಿ ಅಂಚಿಗೆ ಸರಿಯಾಗಿ ಮುಗಿಯುವಂತೆ ಮಾಡುವುದು. ಆಗ ಅದು ಹಿಂದಿನ ಚೌಕದ ಮೇಲೆ ೨೮೪ ಬಿಂದುಗಳಷ್ಟು ಹಾದುಕೊಳ್ಳುತ್ತದೆ. ಆ ಭಾಗವನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ನೋಡಿಕೊಂಡರೆ ಸಾಕು. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ದಾರಿಯೇ ಮೇಲು, ಏಕೆಂದರೆ ಪ್ರತಿಯೊಂದು ಹೋಳಿನಲ್ಲಿಯೂ ನಿಜವಾದ ನೆಲವೇ ಇರುತ್ತದೆ. ಚೌಕದ ಅಳತೆಯನ್ನು ೩೬೬ ಎಂದು ಇಟ್ಟುಕೊಂಡರೆ ೩೦ ಸಲ ಸರಿಯಾಗಿ ಹೋಗಿ ಶೇಷವೇ ಉಳಿಯುವುದಿಲ್ಲವೆಂಬುದೂ ನಿಜ. ಆದರೆ ಗುರುತಿಸುವ ಕ್ರಮವಿಧಿಯು ಆ ಅಳತೆಯನ್ನು ಒಪ್ಪಬೇಕಷ್ಟೆ.

ಎರಡು ಹೋಳಾದ ತೆಂಗಿನ ಮರ

ಶೇಷಕ್ಕಿಂತಲೂ ಸೂಕ್ಷ್ಮವಾದ ತೊಂದರೆಯು ಹೋಳುಗಳ ನಡುವಿನ ಗೆರೆಗಳದ್ದು. ತೆಂಗಿನ ತೋಟವೊಂದನ್ನು ಡ್ರೋನ್ ಯಂತ್ರದಿಂದ ಚಿತ್ರಿಸಿ ಮರಗಳನ್ನು ಎಣಿಸುವ ಸಂದರ್ಭವನ್ನು ತೆಗೆದುಕೊಳ್ಳೋಣ. ಮರದ ತಲೆಯ ಹರವು ೭ ಮೀಟರೆಂದರೆ, ಬಿಂದುವಿಗೆ ೫ ಸೆಂಟಿಮೀಟರಿನ ಚಿತ್ರದಲ್ಲಿ ಅದು ೧೪೦ ಬಿಂದುಗಳಾಗುತ್ತದೆ. ೫೧೨ ಬಿಂದುಗಳ ಚೌಕವೆಂದರೆ ನೆಲದ ಮೇಲೆ ೨೫ ಮೀಟರು ೬೦ ಸೆಂಟಿಮೀಟರು ಮಾತ್ರ. ಇಂಥ ಚೌಕಗಳನ್ನು ಒತ್ತೊತ್ತಾಗಿ ಕತ್ತರಿಸುತ್ತಾ ಹೋದರೆ ಎಷ್ಟು ಮರಗಳ ತಲೆಯ ಮೇಲೆ ಕತ್ತರಿಯ ಗೆರೆ ಹಾಯುತ್ತದೆಯೆಂದು ಲೆಕ್ಕಹಾಕಿದರೆ, ಸರಾಸರಿ ನೂರಕ್ಕೆ ೪೭ ಬರುತ್ತದೆ. ಸುಮಾರು ಅರ್ಧ ತೋಟವೇ ಹೋಳಾಯಿತು! ಇನ್ನು ಎಣಿಸುವ ಕ್ರಮವಿಧಿಯು ಅರ್ಧ ತಲೆಯನ್ನು ಮರವೆಂದು ಒಪ್ಪದಿದ್ದರೆ ನೂರು ಮರಗಳ ತೋಟದಲ್ಲಿ ೫೩ ಮರಗಳನ್ನು ಮಾತ್ರ ಎಣಿಸುವುದು. ತುಂಡು ಕಂಡಲ್ಲೆಲ್ಲ ಮರವೆಂದು ಒಪ್ಪಿದರೆ, ಎರಡಾಗಿಯೂ ಮೂಲೆಯಲ್ಲಿ ನಾಲ್ಕಾಗಿಯೂ ಒಡೆದ ಮರಗಳೆಲ್ಲ ಬೇರೆಬೇರೆಯಾಗಿ ಎಣಿಸಲ್ಪಟ್ಟು ಲೆಕ್ಕವು ೧೬೨ಕ್ಕೆ ಏರುವುದು. ಒಂದೇ ತೋಟ, ಒಂದೇ ಚಿತ್ರ. ಕತ್ತರಿಸಿದ ರೀತಿಯೊಂದರಿಂದಲೇ ೫೩ಕ್ಕೂ ೧೬೨ಕ್ಕೂ ನಡುವೆ ಎಲ್ಲಿ ಬೇಕಾದರೂ ಲೆಕ್ಕ ನಿಲ್ಲಬಹುದು. ಮರಗಳ ಸಂಖ್ಯೆಯ ಮೇಲೆ ಪರಿಹಾರವೋ ಸಹಾಯಧನವೋ ಗೊತ್ತಾಗುವಾಗ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾದದ್ದಿಲ್ಲ.

ಇದನ್ನು ತಪ್ಪಿಸುವ ಬಗೆ ಹೇಗೆಂದರೆ, ಚೌಕಗಳನ್ನು ಹಂಚಿನ ಮನೆಯ ಮಾಡಿನಲ್ಲಿ ಹೆಂಚುಗಳನ್ನು ಹೊದಿಸಿದಂತೆ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಕತ್ತರಿಸಬೇಕು. ಹೆಂಚುಗಳು ಬದಿಗೆ ಬದಿ ತಾಗಿದ್ದರೆ ಸಂದಿನಲ್ಲಿ ನೀರು ಸೋರುವುದು ನಿಶ್ಚಯವಲ್ಲವೆ? ಎಷ್ಟು ಹಾಯಬೇಕೆಂಬುದಕ್ಕೆ ನಿಯಮವುಂಟು. ನಾವು ಎಣಿಸಬೇಕಾದ ಅತಿ ದೊಡ್ಡ ವಸ್ತುವಿನ ಹರವಿಗಿಂತ ಹಾಯುವಿಕೆಯು ಕಡಮೆಯಾಗಿರಬಾರದು. ಇಲ್ಲಿ ಮರವು ೧೪೦ ಬಿಂದುಗಳಾದ್ದರಿಂದ ೧೬೦ ಬಿಂದುಗಳಷ್ಟು ಹಾಯಿಸಿ, ಒಂದು ಚೌಕದಿಂದ ಇನ್ನೊಂದಕ್ಕೆ ೫೧೨ರ ಬದಲು ೩೫೨ ಬಿಂದುಗಳಂತೆ ಸರಿಯಬೇಕು. ಆಗ ಪ್ರತಿಯೊಂದು ಮರವೂ ಯಾವುದಾದರೊಂದು ಚೌಕದಲ್ಲಿ ಪೂರ್ತಿಯಾಗಿ ಕಂಡೇ ಕಾಣುವುದು. ಅದೇ ಮರವು ಎರಡು ಚೌಕಗಳಲ್ಲಿ ಪೂರ್ತಿಯಾಗಿ ಕಂಡರೆ? ಅದಕ್ಕೂ ಉಪಾಯವಿದೆ. ಪ್ರತಿ ಚೌಕದ ನಾಲ್ಕು ಕಡೆಯೂ ೮೦ ಬಿಂದುಗಳನ್ನು ಹೊರಂಚೆಂದು ಬಿಟ್ಟು, ನಡುವಿನ ೩೫೨ ಬಿಂದುಗಳ ಒಳಚೌಕದಲ್ಲಿ ಮರದ ನಡುನೆತ್ತಿ ಬಿದ್ದರೆ ಮಾತ್ರ ಆ ಚೌಕದ ಲೆಕ್ಕಕ್ಕೆ ಅದನ್ನು ಸೇರಿಸಬೇಕು. ಒಳಚೌಕಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಹಾಯುವುದಿಲ್ಲ. ಆದ್ದರಿಂದ ಒಂದು ಮರದ ನಡುನೆತ್ತಿಯು ಒಂದೇ ಒಳಚೌಕಕ್ಕೆ ಸೇರುವುದು. ನಡುನೆತ್ತಿಯಿಂದ ಗರಿಯ ತುದಿಗೆ ೭೦ ಬಿಂದುಗಳಷ್ಟೇ ಆದಕಾರಣ ಮರವೆಲ್ಲವೂ ಹೊರಂಚಿನೊಳಗೆ ಅಡಕವಾಗಿ ಪೂರ್ತಿ ಕಾಣುವುದು.

ಇದರಿಂದ ಕೆಲಸವು ಹೆಚ್ಚುತ್ತದೆಯೆಂಬುದು ಸುಳ್ಳಲ್ಲ. ಸಾವಿರ ಎಕರೆಗೆ ಸುಮಾರು ೬,೨೦೦ ಹೋಳುಗಳಾಗುತ್ತಿದ್ದದ್ದು ಈಗ ೧೩,೦೦೦ಕ್ಕೆ ಏರುತ್ತದೆ. ಗುತ್ತಿಗೆ ಹಿಡಿದವರು ಹಾಯಿಸುವುದನ್ನು ಬಿಡುವುದಕ್ಕೆ ಕಾರಣವೂ ಇದೇ. ಚೌಕವನ್ನು ೧,೦೨೪ ಬಿಂದುಗಳಿಗೆ ದೊಡ್ಡದು ಮಾಡಿ ಅದೇ ೧೬೦ನ್ನು ಹಾಯಿಸಿದರೆ ಹೋಳುಗಳು ೨,೨೦೦ಕ್ಕೆ ಇಳಿದು, ಯಂತ್ರವು ನೋಡಬೇಕಾದ ಬಿಂದುಗಳು ಹಾಯಿಸದೆ ಇದ್ದಾಗಿಗಿಂತ ನೂರಕ್ಕೆ ೪೦ರಷ್ಟು ಮಾತ್ರ ಹೆಚ್ಚಾಗುತ್ತವೆ. ಯಂತ್ರಕ್ಕೆ ಶಕ್ತಿಯಿದ್ದರೆ ಹೀಗೆ ಮಾಡುವುದು ಲೇಸು. ಅಡಕೆಯ ಮರದ ತಲೆಯು ತೆಂಗಿಗಿಂತ ಬಹಳ ಚಿಕ್ಕದಾದ್ದರಿಂದ ಅಲ್ಲಿ ಕಡಮೆ ಹಾಯಿಸಿದರೂ ನಡೆಯುವುದು. ಆದರೆ ತೋಟದ ನಡುವೆ ಹಲಸು ಮಾವುಗಳಿದ್ದು ಅವನ್ನೂ ಎಣಿಸಬೇಕಾದರೆ ಅವುಗಳ ಹರವನ್ನೇ ಹಿಡಿಯಬೇಕು.

ಎಲೆಯ ರೋಗವನ್ನು ಗುರುತಿಸುವ ಚಿತ್ರಗಳ ವಿಷಯವನ್ನು ಇಲ್ಲಿಯೇ ಎರಡು ಮಾತಿನಲ್ಲಿ ಹೇಳಿಬಿಡಬಹುದು. ಮೊಬೈಲಿನಲ್ಲಿ ತೆಗೆದ ೪,೦೦೦ ಅಡ್ಡ, ೩,೦೦೦ ಉದ್ದ ಬಿಂದುಗಳ ಚಿತ್ರವನ್ನು, ಗುರುತಿಸುವ ಕ್ರಮವಿಧಿಗೋಸ್ಕರ ೨೨೪ರ ಚೌಕಕ್ಕೆ ಕುಗ್ಗಿಸಿದರೆ ೨೩೯ ಬಿಂದುಗಳಿಗೆ ಒಂದು ಉಳಿಯುತ್ತದೆ. ಅಡಕೆಯ ಎಲೆಚುಕ್ಕೆ ರೋಗದ ಪ್ರಾರಂಭದ ಸಣ್ಣ ಚುಕ್ಕೆಗಳು ಅದರಲ್ಲಿ ಕಾಣದೆ ಹೋಗುತ್ತವೆ. ಹೋಳುಮಾಡಿದರೆ ಕಾಣುತ್ತವೆ, ಆದರೆ ಆಗ ರೋಗದ ಎಲೆಯ ಎಲ್ಲ ಹೋಳುಗಳಿಗೂ ರೋಗವೆಂಬ ಚೀಟಿಯನ್ನು ಅಂಟಿಸಬಾರದು. ೨೫೨ ಹೋಳುಗಳಲ್ಲಿ ಐದಾರರಲ್ಲಿ ಮಾತ್ರ ಚುಕ್ಕೆಯಿರಬಹುದು. ಹಸುರಾದ ಹೋಳನ್ನು ರೋಗವೆಂದು ಕಲಿತ ಯಂತ್ರವು ಆರೋಗ್ಯವಾದ ತೋಟಕ್ಕೂ ಔಷಧಿ ಹೊಡೆಯಿರೆಂದು ಹೇಳುವುದು.

ಹೋಳಿನ ವಿಳಾಸ

ಕತ್ತರಿಸಿದ ಹೋಳಿಗೆ ತಾನೆಲ್ಲಿಯದೆಂಬ ಗುರುತಿಲ್ಲದಿದ್ದರೆ ಅದು ಸರ್ವೆ ನಂಬರು ಬರೆಯದ ಪಹಣಿಯಂತೆ ನಿರುಪಯೋಗಿ. ಭೂಚಿತ್ರದ ಕಡತದಲ್ಲಿ ಮೇಲಿನ ಎಡ ಮೂಲೆಯ ಸ್ಥಾನವೂ ಒಂದು ಬಿಂದುವಿನ ಅಳತೆಯೂ ಬರೆದಿರುತ್ತದೆ. ಮೂಲೆಯು ಪೂರ್ವಕ್ಕೆ ೭,೦೦,೦೦೦ ಮೀಟರು, ಉತ್ತರಕ್ಕೆ ೧೫,೦೦,೦೦೦ ಮೀಟರು ಎಂಬ ಸ್ಥಾನದಲ್ಲಿದೆಯೆಂದು ಭಾವಿಸಿ, ಸೊನ್ನೆಯಿಂದ ಎಣಿಸಿ ೩ನೆಯ ಸಾಲು ೫ನೆಯ ಕಂಬದ ಹೋಳನ್ನು ನೋಡೋಣ. ಅದು ೨,೫೬೦ ಬಿಂದು ಬಲಕ್ಕೂ ೧,೫೩೬ ಬಿ೦ದು ಕೆಳಕ್ಕೂ ಇದೆ. ಬಿಂದುವಿಗೆ ೧೦ ಮೀಟರಿನಂತೆ ಅದರ ಮೂಲೆಯು ಪೂರ್ವಕ್ಕೆ ೭,೨೫,೬೦೦, ಉತ್ತರಕ್ಕೆ ೧೪,೮೪,೬೪೦ ಆಗುತ್ತದೆ. ಪೂರ್ವದ ಅಂಕಿಗೆ ಕೂಡಬೇಕು. ಉತ್ತರದ ಅಂಕಿಯಿಂದ ಕಳೆಯಬೇಕು, ಏಕೆಂದರೆ ಚಿತ್ರದ ಸಾಲುಗಳು ಮೇಲಿನಿಂದ ಕೆಳಕ್ಕೆ ಏರುತ್ತವೆ, ನೆಲದ ಉತ್ತರದ ಅಳತೆಯು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಸಾಮಾನ್ಯ ಉಪಕರಣಗಳಿಂದ ಕತ್ತರಿಸಿದರೆ ಈ ಸ್ಥಾನವು ಹೋಳಿನೊಡನೆ ಬರುವುದಿಲ್ಲ; ಜಿಡಾಲಿನಂಥ ಭೂಚಿತ್ರದ ಉಪಕರಣವಾದರೆ ತಾನೇ ಬರೆದುಕೊಳ್ಳುವುದು. ವಲಯದ ಸಂಖ್ಯೆಯೂ ಜೊತೆಗಿರಬೇಕು. ಈ ಅಳತೆಯ ೪೩ ಮತ್ತು ೪೪ನೆಯ ವಲಯಗಳ ಗಡಿಯು ೭೮ನೆಯ ರೇಖಾಂಶ. ಅದು ಕೋಲಾರ ಜಿಲ್ಲೆಯ ಮೇಲೆಯೇ ಹಾದುಹೋಗಿರುವುದರಿಂದ ಮಾಲೂರು ೪೩ಕ್ಕೂ ಕೋಲಾರ ಪಟ್ಟಣವು ೪೪ಕ್ಕೂ ಸೇರಿವೆ. ವಲಯವನ್ನು ತಪ್ಪಾಗಿ ಬರೆದರೆ ಹೊಲವು ನೂರಾರು ಕಿಲೋಮೀಟರು ಆಚೆಗೆ ಹಾರುತ್ತದೆ.

ಹೋಳುಗಳ ಚೌಕಕ್ಕೂ ರೈತನ ಹಿಸ್ಸೆಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಚೌಕವು ಯಂತ್ರದ ಅನುಕೂಲಕ್ಕೆ ಮಾಡಿಕೊಂಡದ್ದು. ಆದ್ದರಿಂದ ಮರಗಳ ಲೆಕ್ಕವನ್ನು ಚೌಕವಾರಾಗಿ ಕೊಡತಕ್ಕದ್ದಲ್ಲ. ಎಲ್ಲ ಹೋಳುಗಳ ಫಲಿತಾಂಶವನ್ನು ಅವುಗಳ ಸ್ಥಾನದ ಪ್ರಕಾರ ಮೊದಲು ಒಂದೇ ನಕ್ಷೆಯಾಗಿ ಜೋಡಿಸಿ, ಆಮೇಲೆ ಸರ್ವೆ ನಂಬರು ಹಿಸ್ಸೆಗಳ ಎಲ್ಲೆಯನ್ನು ಅದರ ಮೇಲೆ ಹಾಸಿ, ಎಲ್ಲೆಯೊಳಗೆ ಬಿದ್ದದ್ದನ್ನು ಆಯಾ ಖಾತೆಗೆ ಎಣಿಸಬೇಕು.

ಗ್ರಾಮದಲ್ಲಿ ಇಂಥ ಮೋಜಣಿಯು ನಡೆದು ಫಲಿತಾಂಶವನ್ನು ಒಪ್ಪಿಗೆಗಾಗಿ ತಂದಾಗ ಮುಖಂಡರು ಕೇಳಬೇಕಾದದ್ದು ಇಷ್ಟು: ಚಿತ್ರದ ಅಡ್ಡ ಉದ್ದ ಎಷ್ಟು ಬಿಂದು, ಚೌಕವೆಷ್ಟು, ಎಷ್ಟು ಹಾಯಿಸಿದ್ದೀರಿ, ಕೊನೆಯ ಅಂಚಿನ ಶೇಷವನ್ನು ಏನು ಮಾಡಿದಿರಿ? ಉತ್ತರವನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಇದರ ಜೊತೆಗೆ ಮರಗಳ ಸಂಖ್ಯೆ ಊರಿಗೆಲ್ಲ ಗೊತ್ತಿರುವ ಒಂದು ತೋಟವನ್ನು ಆರಿಸಿ, ಅದರ ಮೇಲೆ ಹೋಳುಗಳ ಗೆರೆಗಳನ್ನು ಎಳೆದು ತೋರಿಸುವಂತೆ ಕೇಳಬೇಕು. ಗೆರೆಯ ಮೇಲೆ ಬಿದ್ದ ಮರಗಳಿಗೆ ನಡೆದು ಹೋಗಿ ಸುಣ್ಣದ ಗುರುತು ಹಾಕಿ ಎಣಿಸಿ, ಯಂತ್ರದ ಪಟ್ಟಿಯಲ್ಲಿ ಅವೇ ಮರಗಳು ಎಷ್ಟು ಸಲ ಬಂದಿವೆಯೆಂದು ತಾಳೆ ನೋಡಿದರೆ ಅರ್ಧ ದಿನದ ಕೆಲಸ. ತಾಳೆಯಾಗದಿದ್ದರೆ ಮೋಜಣಿಯನ್ನೆಲ್ಲ ಮತ್ತೆ ಮಾಡಿಸಬೇಕಾದ್ದಿಲ್ಲ. ಮೂಲ ಚಿತ್ರವು ಇದ್ದರೆ ಹೋಳುಮಾಡುವ ಕೋಡನ್ನು ತಿದ್ದಿ ಪುನಃ ನಡೆಸಿದರೆ ಆಯಿತು. ಆದಕಾರಣ ಹೋಳುಗಳು ಕೈಗೆ ಬಂದವೆಂದು ಮೂಲ ಚಿತ್ರವನ್ನು ಅಳಿಸುವುದಕ್ಕೆ, ಲೆಕ್ಕದ ಮೇಲಿನ ತಕರಾರುಗಳ ವಾಯಿದೆಯು ತೀರುವವರೆಗೆ ಒಪ್ಪಿಗೆಯನ್ನು ಕೊಡತಕ್ಕದ್ದಲ್ಲ.